ಬಲಜೇಬಿನ ಬೆಣೆ

ನನ್ನ ಸೋದರಮಾವ ನಡೆಯುವಾಗ ಬಲಕ್ಕೆ ವಾಲುತ್ತಿದ್ದ. ದೋಷ ಕಾಲಿನದಲ್ಲ, ಕೋಟಿನದು. ಹುಟ್ಟಿದಾಗ ತನ್ನ ಬಣ್ಣ ಏನಿತ್ತೆಂಬುದನ್ನು ತಾನೇ ಮರೆತಿದ್ದ ಆ ಕೋಟಿನ ಬಲಜೇಬಿನಲ್ಲಿ, ಸೆಕೆಯಿರಲಿ ಚಳಿಯಿರಲಿ, ಗೇಣುದ್ದದ ಒಂದು ಮರದ ಬೆಣೆ ಇರುತ್ತಿತ್ತು. ಒಂದು ತುದಿ ಮುಷ್ಟಿಯಷ್ಟು ದಪ್ಪ, ಇನ್ನೊಂದು ತುದಿ ನಾಲಿಗೆಯಷ್ಟು ತೆಳು. ಮಾವನ ನಾಲಿಗೆಯಷ್ಟು ಎನ್ನಲಾರೆ. ಆ ನಾಲಿಗೆಗೆ ಸಮನಾದ ಹರಿತ ಅವನ ಕೊಡಲಿಗೂ ಇರಲಿಲ್ಲ.

ಯಾರ ಮನೆಗೆ ಹೋದರೂ ಅವನು ಮೊದಲು ಮನುಷ್ಯರನ್ನು ನೋಡುತ್ತಿರಲಿಲ್ಲ. ಯಾವುದು ಉರುಳೀತು, ಯಾವುದು ಜಾರೀತು ಎಂದು ನೋಡುತ್ತಿದ್ದ. ತೊಟ್ಟಿಲು, ಬೀರು, ತಳ್ಳುಗಾಡಿ, ಪಕ್ಕದ ಮನೆಯವರ ಕಾರು, ಯಾವುದಕ್ಕೂ ವಿನಾಯಿತಿಯಿಲ್ಲ. "ಬೆಣೆ ಕೊಟ್ಟಿದೀಯಾ?" ಎಂಬುದೇ ಅವನ ಕುಶಲಪ್ರಶ್ನೆ. ಒಮ್ಮೆ ನನ್ನನ್ನು ಕಾನ್ವೆಂಟ್ ಶಾಲೆಯಿಂದ ಕರೆದೊಯ್ಯಲು ಬಂದವನು, ಗಾಳಿಗೆ ದಢದಢ ಬಡಿಯುತ್ತಿದ್ದ ತರಗತಿಯ ಬಾಗಿಲಿನಡಿಗೆ ಅನುಮತಿ ಕೇಳದೆ ಬೆಣೆ ತೂರಿಸಿದ. ಸಿಸ್ಟರ್ ಇಂಗ್ಲಿಷಿನಲ್ಲಿ ಗದರಿದರು. "ಬಾಗಿಲಿಗೆ ಇಂಗ್ಲಿಷ್ ಬರಲ್ಲ ತಾಯಿ. ಇನ್ನೊಂದು ಸಲ ಬಡಿದಿದ್ರೆ ಯಾವುದಾದ್ರೂ ಮಗು ಬೆರಳು ಹೋಗ್ತಿತ್ತು. ಆಮೇಲೆ ಯಾವ ಭಾಷೇಲಿ ಅಳ್ತಿದ್ರಿ?" ಎಂದು ಕೇಳಿದ. ನಾನು ನೆಲ ನೋಡುತ್ತ ನಿಂತಿದ್ದೆ.

ಜನ ಅವನಿಗೆ 'ಸಿಡಿಮದ್ದು' ಎಂದು ಹೆಸರಿಟ್ಟಿದ್ದರು. ಸಿಡುಕು ಹುಟ್ಟುಗುಣ ಎಂದೇ ಎಲ್ಲರ ತೀರ್ಮಾನ. ಆದರೆ ಹಿಂದೆ ಅವನು ಕೆಲಸಕ್ಕಿದ್ದ ಸೌದೆ ಡಿಪೋದಲ್ಲಿ ಅವನನ್ನು ಕಂಡವರು ಬೇರೆಯೇ ಮಾತು ಹೇಳುತ್ತಾರೆ. ಮೂವರು ಕೈಕೈ ಹಿಡಿದರೂ ತಬ್ಬಲಾಗದ ದಿಮ್ಮಿ ಲಾರಿಯಿಂದಿಳಿದರೆ ಅವನು ಮೂಗನಾಗುತ್ತಿದ್ದ. ಸುತ್ತ ನಡೆದು, ಕೊಯ್ದ ಮುಖದ ಮೇಲೆ ಅಂಗೈಯಾಡಿಸಿ, ಬಿರುಕುಗಳು ಯಾವ ಕಡೆಗೆ ಹೊರಟಿವೆಯೆಂದು ನೋಡಿ, ಗಂಟುಗಳಿಗೆ ನೀಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದ. ಹೊಸಬರು ನೇರ ನಡುವಿಗೆ ಬೆಣೆ ಹೊಡೆದು, ಕಬ್ಬಿಣ ಕಚ್ಚಿಕೊಂಡು ಕೂತಾಗ ಮರವನ್ನು ಬೈಯುತ್ತಾರೆ. ಮಾವ ಅಂಚಿನಿಂದ ಹಲಗೆ ಹಲಗೆಯಾಗಿ ಬಿಡಿಸಿಕೊಂಡು, ಸುತ್ತು ಬಂದು, ಕೊನೆಗೆ ನಡುವಿನ ಕೆಚ್ಚಿಗೆ ಕೈ ಹಾಕುತ್ತಿದ್ದ. ಮರದ ತಿರುಳಿಗೂ ಕೆಚ್ಚೆನ್ನುತ್ತೇವೆ, ಎದೆಗಾರಿಕೆಗೂ ಕೆಚ್ಚೆನ್ನುತ್ತೇವೆ. ಮಾವ ಮೊದಲನೆಯದನ್ನು ಸೀಳಿ ಹೊಟ್ಟೆ ಹೊರೆದ. ಎರಡನೆಯದರಿಂದ ಕೆಲಸ ಕಳೆದುಕೊಂಡ.

ಆ ಡಿಪೋದ ಅಂಗಳ ಇಳಿಜಾರು. ದಿಮ್ಮಿ ಉರುಳದಂತೆ ಇಳಿಜಾರಿನ ಕಡೆ ಅದರಡಿಗೆ ಎರಡು ಮರದ ಬೆಣೆ ಕೊಡುವುದು ಅಲ್ಲಿನ ಮೊದಲ ಕೆಲಸ; ಸೌದೆಯೆಲ್ಲ ಸೀಳಿಯಾದ ಮೇಲೆ ಅವನ್ನು ತೆಗೆಯುವುದು ಕೊನೆಯ ಕೆಲಸ. ನಡುವೆ ಯಾರೂ ಮುಟ್ಟುವಂತಿಲ್ಲ. ಕೆಳಬದಿಯಲ್ಲಿ ನಿಂತು ತೊಗಟೆ ಕೆತ್ತುವವನು ಆ ಎರಡು ತುಂಡು ಮರವನ್ನು ನಂಬಿ ನಿಂತಿರುತ್ತಾನೆ.

ಮಾವನ ಕೆಲಸಕ್ಕೆ ಕುತ್ತು ತಂದ ಆ ದಿನ ಕೆಳಗೆ ನಿಂತಿದ್ದವನು ಮಾವನ ಅಣ್ಣ, ನನ್ನ ದೊಡ್ಡಮಾವ. ಮೇಲ್ಗಡೆ ಮಾವ ಹೊಡೆದ ಎರಡೂ ಕಬ್ಬಿಣದ ಬೆಣೆಗಳು ಗಂಟಿನಲ್ಲಿ ಕಚ್ಚಿಕೊಂಡವು. ಬಿಡಿಸಲು ಮೂರನೆಯದು ಬೇಕು, ಅದು ಸಾಮಾನಿನ ಕೊಟ್ಟಿಗೆಯಲ್ಲಿದೆ, ಕೊಟ್ಟಿಗೆಯ ಬೀಗದ ಕೈ ಡಿಪೋ ಯಜಮಾನನ ಸೊಂಟದಲ್ಲಿದೆ. ಸೌದೆಗೆ ಬಂದ ಬೇಕರಿಯವನ ಲಾರಿ ಗೇಟಿನಲ್ಲಿ ಹಾರನ್ ಬಾರಿಸುತ್ತಿತ್ತು. ಕೊಡೆ ಹಿಡಿದು ನೆರಳಿನಲ್ಲಿ ನಿಂತಿದ್ದ ಯಜಮಾನನಿಗೆ ಕೊಟ್ಟಿಗೆಯವರೆಗಿನ ಇಪ್ಪತ್ತು ಹೆಜ್ಜೆ ಭಾರವಾಯಿತು.

"ಅಡಿಯಲ್ಲಿ ಎರಡು ಸುಮ್ನೆ ಬಿದ್ದಿವೆಯಲ್ಲೋ! ಒಂದು ತೆಗ್ದು ಹೊಡಿ. ಇಷ್ಟು ದೊಡ್ಡ ದಿಮ್ಮಿ ಎಲ್ಲಿಗೆ ಓಡಿಹೋಗುತ್ತೆ?"

ಮಾವ ತೆಗೆದ.

ದಿಮ್ಮಿ ಓಡಿಹೋಗಲಿಲ್ಲ. ಅರ್ಧ ಮಗ್ಗುಲು ಹೊರಳಿತು, ಅಷ್ಟೇ. ದೊಡ್ಡಮಾವನ ಎರಡೂ ಕಾಲಿಗೆ ಅಷ್ಟು ಸಾಕಾಯಿತು.

ವೈದ್ಯರು ಎರಡೂ ಕಾಲು ಕತ್ತರಿಸಿದ ಎಂಟನೇ ದಿನ ಯಜಮಾನ ಆಸ್ಪತ್ರೆಗೆ ಬಂದ, ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಟೈಪು ಮಾಡಿಸಿದ ಕಾಗದ. ಅಮ್ಮ ಗಟ್ಟಿಯಾಗಿ ಓದಿದಳು. 'ಸದರಿ ಕೆಲಸಗಾರನು ಸ್ವಂತ ಅಜಾಗರೂಕತೆಯಿಂದ ಬೆಣೆಯನ್ನು ಕಾಲಿನಿಂದ ಒದ್ದ ಕಾರಣ' ಎಂದಿತ್ತು. ಕಾಲೇ ಕಳೆದುಕೊಂಡವನ ಮೇಲೆ ಒದ್ದ ಆರೋಪ! ಸುಳ್ಳಿಗೂ ಒಂದು ಮಾನ ಮರ್ಯಾದೆ ಬೇಡವೇ?

"ತಮ್ಮನೇ ಸಾಕ್ಷಿ ಅಂತ ನೀನೊಂದು ಸೈನು ಹಾಕಿದ್ರೆ ಆಯ್ತು," ಎಂದ ಯಜಮಾನ ಮಾವನಿಗೆ. "ಅಣ್ಣಂಗೆ ಗೇಟಿನ ಹತ್ರ ಕುರ್ಚಿ ಹಾಕಿಸ್ತೀನಿ, ಜೀವಮಾನ ಕಾವಲು ಕೂತಿರ್ಲಿ. ನಿನ್ನ ಕೆಲಸಾನೂ ಎಲ್ಲೂ ಹೋಗಲ್ಲ."

"ಹಾಕೋ ತಮ್ಮಾ," ಎಂದ ದೊಡ್ಡಮಾವ ಹಾಸಿಗೆಯಿಂದ. "ಹೋದ ಕಾಲು ಯಾವ ಕಾಗದದಿಂದ ವಾಪಸ್ ಬರುತ್ತೆ? ಕುರ್ಚಿನಾದ್ರೂ ಇರ್ಲಿ."

ಮಾವ ಕಾಗದ ತಿರುಗಿಸಿದ. ಜೇಬಿನಿಂದ ದಿಮ್ಮಿಗೆ ಗುರುತು ಹಾಕುವ ನೀಲಿ ಪೆನ್ಸಿಲ್ ತೆಗೆದು, ಖಾಲಿ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: 'ಬೆಣೆ ತೆಗೆದವನು ನಾನು. ತೆಗೆ ಎಂದವನು ಯಜಮಾನ. ಅಣ್ಣ ನಮ್ಮಿಬ್ಬರನ್ನು ನಂಬಿ ನಿಂತಿದ್ದ.' ಕೆಳಗೆ ಸೈನು ಹಾಕಿದ.

"ಇದನ್ನ ಲೇಬರ್ ಅಧಿಕಾರಿಗೆ ಕೊಟ್ರೆ ನೀನೂ ಬೀಳ್ತೀಯ," ಎಂದ ಯಜಮಾನ.

"ಬೀಳ್ತೀನಿ. ನಿನ್ನ ಕೊರಳಪಟ್ಟಿ ಹಿಡ್ಕೊಂಡೇ ಬೀಳ್ತೀನಿ."

ಕೊಟ್ಟ. ಬಿದ್ದವನು ಮಾತ್ರ ಮಾವ ಒಬ್ಬನೇ. ಯಜಮಾನನಿಗೆ ಒಂದು ಎಚ್ಚರಿಕೆ ಪತ್ರ ಬಂತು. ಅವನು ಅಂಗಳದಲ್ಲಿ 'ಸುರಕ್ಷತೆಯೇ ಮೊದಲು' ಎಂದು ಬಣ್ಣದ ಫಲಕ ಬರೆಸಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ದೊಡ್ಡಮಾವ ಅಜಾಗರೂಕನಲ್ಲವೆಂದು ಕಡತದಲ್ಲಿ ದಾಖಲಾಯಿತು, ಗೇಟಿನ ಕುರ್ಚಿ ಹೋಯಿತು. ಡಿಪೋ ಬಿಟ್ಟು ಬರುವಾಗ ಮಾವ ಎತ್ತಿಕೊಂಡು ಬಂದದ್ದು ಆ ದಿನ ತಾನು ತೆಗೆದ ಬೆಣೆಯೊಂದನ್ನೇ.

"ಸತ್ಯ ಹೇಳೋ ಚಟ ನಿಂದು, ಕುರ್ಚಿ ಹೋಗಿದ್ದು ನಂದು," ಎಂದು ದೊಡ್ಡಮಾವ ಅವನೊಡನೆ ಮಾತು ಬಿಟ್ಟ. ನಾಲ್ಕು ವರ್ಷ.

ನಾಲ್ಕು ವರ್ಷವೂ ಪ್ರತಿ ಭಾನುವಾರ ಬೆಳಿಗ್ಗೆ ಮಾವ ಅಣ್ಣನ ಅಂಗಳಕ್ಕೆ ಹೋಗಿ ವಾರಕ್ಕಾಗುವಷ್ಟು ಸೌದೆ ಸೀಳಿ ಬರುತ್ತಿದ್ದ. ಆ ಅಂಗಳವೂ ಬೀದಿಯತ್ತ ಇಳಿಜಾರು. ಬಿಸಿಲಿಗೆಂದು ಅತ್ತೆ ದೊಡ್ಡಮಾವನನ್ನು ಗಾಲಿಕುರ್ಚಿಯಲ್ಲಿ ತಂದು ಬಿಟ್ಟ ಕೂಡಲೇ, ಮಾವ ಬಗ್ಗಿ ಗಾಲಿಯಡಿಗೆ ಬೆಣೆ ಕೊಟ್ಟು, ಎರಡು ಸಲ ಕುರ್ಚಿ ಅಲ್ಲಾಡಿಸಿ ನೋಡಿ, ಕೊಡಲಿ ಹಿಡಿಯುತ್ತಿದ್ದ. ಒಬ್ಬ ಸೀಳುತ್ತಿದ್ದ, ಒಬ್ಬ ಬೀದಿ ನೋಡುತ್ತಿದ್ದ. ಇಬ್ಬರ ಮುಖದಲ್ಲೂ ಒಂದೇ ಮನೆತನದ ಸಿಟ್ಟು.

ಐದನೇ ವರ್ಷದ ಒಂದು ಭಾನುವಾರ ನಾನೂ ಅಲ್ಲಿದ್ದೆ. ಕೊಡಲಿ ಗಂಟಿನಲ್ಲಿ ಕಚ್ಚಿಕೊಂಡಿತು. ಮಾವ ಜಗ್ಗಿದ, ಒದ್ದ, ಬಲಜೇಬಿಗೆ ಕೈ ಹಾಕಿದ. ಜೇಬು ಖಾಲಿ. ಅವನ ಕಣ್ಣು ಗಾಲಿಕುರ್ಚಿಯ ಅಡಿಗೆ ಹೋಗಿ, ಸುಟ್ಟುಕೊಂಡಂತೆ ಹಿಂದಕ್ಕೆ ಬಂತು. ಕೊಡಲಿಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ನಿಂತುಕೊಂಡ. ದೊಡ್ಡಮಾವ ಎಲ್ಲ ನೋಡುತ್ತಿದ್ದ.

"ಬೆಣೆ ಕೊಟ್ಟಿದೀಯಾ?" ಎಂದ.

"ಕೊಟ್ಟಿದೀನಿ."

"ತೆಗೀಬೇಡ."

"ತೆಗಿಯಲ್ಲ."

"ಹಾಗಾದ್ರೆ ಮರದ ಹಾಗೆ ಯಾಕೋ ನಿಂತಿದೀಯ ಸಿಡಿಮದ್ದು? ಒಳಗೆ ಹೋಗಿ ಸುತ್ತಿಗೆ ತಗೊಂಡು ಬಾ."

ಸಿಡುಕರನ್ನು ಕಂಡರೆ ನಮಗೆ ಆಗುವುದಿಲ್ಲ. ನಗುಮುಖದ ಯಜಮಾನರು, ಅವರ ಬಣ್ಣದ ಫಲಕಗಳು ನಮಗೆ ಹಿತ. ಆದರೆ ಈ ಭೂಮಿ ಬಹುಪಾಲು ಇಳಿಜಾರು, ಮೇಲುಗಡೆ ನಿಂತವರಿಗೆ ಸದಾ ಅವಸರ. ಕೆಳಗೆ ನಿಂತವನ ಕಾಲನ್ನು ನೆನಪಿನಲ್ಲಿಟ್ಟುಕೊಂಡು ಬದುಕಿಡೀ ಕುದಿಯುವ ಜನ ಕೆಲವರು ಇರುತ್ತಾರೆ. ಎಲ್ಲರನ್ನೂ ಬೈಯುತ್ತಾರೆ, ತಮ್ಮನ್ನು ಎಲ್ಲರಿಗಿಂತ ಹೆಚ್ಚು ಬೈದುಕೊಳ್ಳುತ್ತಾರೆ. ಅವರು ನಮ್ಮ ಪಾದದ ಬಳಿ ಬಗ್ಗಿ ಏನೋ ತೂರಿಸಿ, ಗೊಣಗುತ್ತ ಎದ್ದು ಹೋದಾಗ, ನಾವು ಜಾರದೆ ನಿಂತಿರುವುದು ಯಾತರ ಮೇಲೆ ಎಂದು ಒಮ್ಮೆಯಾದರೂ ತಲೆ ಬಗ್ಗಿಸಿ ನೋಡಬೇಕು.