ಹೊಸದು ಬರಲಿ

"ನಿನ್ನ ಚಿಪ್ ಬರೋ ಹೊತ್ತಿಗೆ ನನ್ನ ಕೈಗೆ ಚಿಪ್ಪು ಬಂದಿರುತ್ತೆ ಅಣ್ಣ. ಹಿಡ್ಕೊಂಡು ಬೀದೀಲಿ ನಿಲ್ಲೋಕೆ."

"ನಿಲ್ಲು. ಯಾರು ಬೇಡ ಅಂದ್ರು? ಆದ್ರೆ ಅರೆಬೆಂದಿದ್ದನ್ನ ಈ ಮನೆಯಿಂದ ಹೊರಗೆ ಬಡಿಸೋಕೆ ನಾನು ಬಿಡಲ್ಲ."

"ಒಂದು ದೃಶ್ಯ. ಒಂದೇ ಒಂದು. ಇಡೀ ಸಿನಿಮಾ ಕೇಳ್ತಿಲ್ಲ ನಾನು."

ಅಣ್ಣ ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದ ಶೂವನ್ನು ತಮ್ಮನ ಕಡೆ ಆಡಿಸುತ್ತ ಮಾತಾಡುತ್ತಿದ್ದುದರಿಂದ ಹೊಡೆಯುತ್ತಾನೋ ಹಾಕಿಕೊಳ್ಳುತ್ತಾನೋ ತಿಳಿಯುವಂತಿರಲಿಲ್ಲ. ತಮ್ಮ ಕುರ್ಚಿಯಿಂದ ಏಳಲಿಲ್ಲ. ನಲವತ್ತು ದಾಟಿದ ಮನುಷ್ಯ ಅಣ್ಣನೆದುರು ಎದ್ದು ನಿಂತರೆ ಜಗಳವಾಗುತ್ತದೆ, ಕೂತಿದ್ದರೆ ಬರೀ ಮಾತಾಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಇವತ್ತು ಘೋಷಣೆ ಕಣೋ," ಅಣ್ಣ ದನಿ ತಗ್ಗಿಸಿದ. "ಇದು ಹಳೇವುಗಳ ಥರ ಅಲ್ಲ. ನಮ್ಮಂಥ ಕೆಲಸದೋರಿಗೆ ಅಂತಲೇ ಮಾಡಿರೋದು. ಹೊಸದು ಬರಲಿ. ಒಂದೇ ಏಟಿಗೆ ಎಲ್ಲಾ ಮುಗಿಸೋಣ."

ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಗೋಡೆಯಗಲದ ಟಿ.ವಿ. ಇತ್ತು. ಹೊಸ ಪ್ರೊಸೆಸರ್ ಚಿಪ್‌ನ ಘೋಷಣೆಯಾಗುವ ದಿನ ಅಂಗಡಿಯವನು ಕುರ್ಚಿ ಹಾಕಿಸಿ ಎಲ್ಲರನ್ನೂ ಕರೆಯುತ್ತಿದ್ದ. ಅಲ್ಲಿ ಅಣ್ಣನಿಗೆ 'ಬರಲಿ ಸಾರ್' ಎಂದೇ ಹೆಸರು. ಏನು ತೋರಿಸಿದರೂ ತಿರುಗಿಸಿ ಮುರುಗಿಸಿ ನೋಡಿ, "ಇದರ ಮುಂದಿಂದು ಬರಲಿ" ಎಂದು ವಾಪಸಿಡುತ್ತಿದ್ದ. ಹೆಸರು ಕೇಳಿ ಅವನಿಗೆ ಬೇಜಾರಿರಲಿಲ್ಲ. ತಾನು ಅವಸರದವನಲ್ಲ ಎಂಬುದಕ್ಕೆ ಸಿಕ್ಕ ಬಿರುದು ಎಂದುಕೊಂಡಿದ್ದ.

ಇನ್ನೊಂದು ಶೂವನ್ನೂ ಹಾಕಿಕೊಂಡು, "ಬರ್ತೀನಿ," ಅಂದ.

"ಹೂಂ, ಬಾ," ಅಂದ ತಮ್ಮ. ಜಗಳವಿರಲಿ, ಮುನಿಸಿರಲಿ, ಆ ಮನೆಯಲ್ಲಿ ಈ ಎರಡು ಮಾತು ಮಾತ್ರ ಯಾವತ್ತೂ ತಪ್ಪಿದ್ದಿಲ್ಲ. ಮೂಲೆಯಂಗಡಿಗೆ ಹಾಲು ತರಲು ಹೋದರೂ ಒಬ್ಬರು ಹೇಳಬೇಕು, ಇನ್ನೊಬ್ಬರು ಉತ್ತರ ಕೊಡಬೇಕು. ತಲೆ ಎತ್ತಿ ನೋಡಬೇಕಾದದ್ದೇನೂ ಇರಲಿಲ್ಲ.

ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯೇ ಸ್ಟುಡಿಯೋ. ಧೂಳು ಬಂದರೆ ಯಂತ್ರಕ್ಕೆ ಆಗದು ಎಂದು ಅಣ್ಣ ಅಲ್ಲಿನ ಕಿಟಕಿಗಳ ಸಂದಿಗೆಲ್ಲ ಕಂದು ಟೇಪು ಬಡಿದಿದ್ದ. ಟೇಪು ಒಣಗಿ ಬಿರಿದಲ್ಲಿ ಅದರ ಮೇಲೆ ಇನ್ನೊಂದು. ಕೆಳಗಿನ ಬೀದಿಯ ಸದ್ದು ನೀರಿನೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು. ಬೆಳಗಾಯಿತೋ ಸಂಜೆಯಾಯಿತೋ ತಿಳಿಯಲು ತಮ್ಮ ಪರದೆಯ ಮೂಲೆಯಲ್ಲಿನ ಗಡಿಯಾರ ನೋಡಬೇಕಿತ್ತು.

ಹೊಟ್ಟೆಪಾಡಿಗೆ ಸಣ್ಣಪುಟ್ಟ ಅನಿಮೇಷನ್ ಕೆಲಸ ಬರುತ್ತಿತ್ತು. ಜಾಹೀರಾತಿಗೆ ತಿರುಗುವ ಸೋಪಿನ ಡಬ್ಬ, ಕಾರ್ಖಾನೆಗಳಿಗೆ ಎಚ್ಚರಿಕೆಯ ಚಿತ್ರ. ಹೆಲ್ಮೆಟ್ಟಿಲ್ಲದ ಗೊಂಬೆ ಮೆಟ್ಟಿಲಿನಿಂದ ಉರುಳಿ ಬೀಳುವುದನ್ನು ತಮ್ಮ ಕಣ್ಣು ಮುಚ್ಚಿಕೊಂಡು ಮಾಡಬಲ್ಲವನಾಗಿದ್ದ. ಉಳಿದ ಹೊತ್ತೆಲ್ಲ ಅವರದೇ ಸಿನಿಮಾಕ್ಕೆ. ಒಬ್ಬ ತಾಯಿ, ಒಬ್ಬ ಹುಡುಗ, ನೀರು ಮೇಲೇರುತ್ತಿರುವ ಒಂದು ಊರು. ಗೊಂಬೆಗಳನ್ನು ನಡೆಸುವುದು, ಕೂರಿಸುವುದು, ಅಳಿಸುವುದು ತಮ್ಮನ ಕೆಲಸ. ಅವಕ್ಕೆ ಚರ್ಮ, ಕೂದಲು, ಬಟ್ಟೆ, ಬೆಳಕು ಕೊಡುವುದು ಅಣ್ಣನದು. ತಮ್ಮ ತನ್ನ ಪಾಲಿನ ಕೆಲಸ ಮುಗಿಸಿ ಎಷ್ಟೋ ಕಾಲವಾಗಿತ್ತು. ಗೊಂಬೆಗಳು ಇನ್ನೂ ಬೂದು ಬಣ್ಣದಲ್ಲೇ ಇದ್ದವು. ಕಣ್ಣಿಲ್ಲದ ಬೂದು ಮುಖ, ಬೆರಳಿನ ಗೆಣ್ಣಿಲ್ಲದ ಬೂದು ಕೈ. ಅವಕ್ಕೆ ತಾನು ಕಲಿಸಿದ ನಗು ಹೇಗೆ ಕಾಣುತ್ತದೆ ಎಂದು ಅವನೇ ನೋಡಿರಲಿಲ್ಲ.

ಯಂತ್ರಕ್ಕೆ ಹಾಕಿ ಬಣ್ಣ, ಬೆಳಕು ಕೂಡಿದ ಪೂರ್ತಿ ಚಿತ್ರ ತೆಗೆಯುವುದಕ್ಕೆ ಆ ಮನೆಯಲ್ಲಿ ಬೇಯಿಸುವುದು ಅನ್ನುತ್ತಿದ್ದರು. "ಬೇಯ್ತಿದೆ" ಅಂದರೆ ಅಡುಗೆಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಇಸ್ತ್ರಿ ಹಾಕುವಂತಿಲ್ಲ. ಕರೆಂಟಿನ ಒಲೆಯನ್ನೂ ಯಂತ್ರವನ್ನೂ ಆ ಹಳೇ ತಂತಿ ಒಟ್ಟಿಗೆ ಹೊರುತ್ತಿರಲಿಲ್ಲ. ಇಲ್ಲಿ ಬೇಯುವಾಗ ಅಲ್ಲಿ ಬೇಯುವುದಿಲ್ಲ ಎಂದು ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ನಗುತ್ತಿದ್ದಳು. ಈಗ ನಗುವುದನ್ನು ಬಿಟ್ಟಿದ್ದಳು.

ಅಣ್ಣ ಹೀಗಾದದ್ದಕ್ಕೂ ಒಂದು ಕಾರಣವಿತ್ತು. ಮೊದಲು ಇಬ್ಬರೂ ಸೇರಿ ಒಂದು ಪುಟ್ಟ ಸಿನಿಮಾ ಮಾಡಿ, ಅವಸರದಲ್ಲಿ ಬೇಯಿಸಿ, ತುಂಬಿದ ಸಭಾಂಗಣದಲ್ಲಿ ತೋರಿಸಿದ್ದರು. ದೊಡ್ಡ ಪರದೆಯ ಮೇಲೆ ನೆರಳುಗಳೆಲ್ಲ ಇರುವೆ ಮುತ್ತಿದ ಹಾಗೆ ಮಿಜಿಮಿಜಿ ಅಂದವು. ಸಾಯುವ ದೃಶ್ಯದಲ್ಲಿ ಯಾರೋ, "ಇರುವೆ ಪುಡಿ ಹಾಕ್ರೋ" ಅಂದರು. ಇಡೀ ಸಭಾಂಗಣ ನಕ್ಕಿತು. ತಮ್ಮ ಅದನ್ನು ವಾರದಲ್ಲಿ ಮರೆತ. ಅಣ್ಣನಿಗೆ ಆ ನಗು ಕಿವಿಯಿಂದ ಹೋಗಲೇ ಇಲ್ಲ. ಆ ಸಿನಿಮಾವನ್ನು ಒಂದೂ ಪ್ರತಿ ಉಳಿಯದ ಹಾಗೆ ಅಳಿಸಿಹಾಕಿದ. ಆಮೇಲೆ ಹೊಸ ಚಿಪ್ ಬಂತು, ತಂದರು. ಅಷ್ಟರಲ್ಲಿ ಅಣ್ಣ ತಾಯಿಯ ಸೆರಗಿನ ಒಂದೊಂದು ನೂಲನ್ನೂ ಬೇರೆ ಬೇರೆ ಮಾಡಿಟ್ಟಿದ್ದ. ಯಂತ್ರ ಏದುಸಿರು ಬಿಟ್ಟಿತು. ಮತ್ತೊಂದು ಬಂತು. ಅಷ್ಟರಲ್ಲಿ ನೀರಿನ ಮೇಲಿನ ಒಂದೊಂದು ಗುಳ್ಳೆ. ಎತ್ತು ಬಲವಾದಷ್ಟೂ ಇವನು ಗಾಡಿಗೆ ಇನ್ನಷ್ಟು ಹೇರುತ್ತಿದ್ದ, ಗಾಡಿ ನಿಂತಲ್ಲೇ ನಿಂತಿತ್ತು.

ಹೀಗಿರುವಾಗ ತಮ್ಮನಿಗೆ ಫೋನು ಬಂದಿತ್ತು. ದೊಡ್ಡ ಸ್ಟುಡಿಯೋ ಒಂದರ ಮುಖ್ಯಸ್ಥೆ ಎಲ್ಲೋ ಆ ಮೆಟ್ಟಿಲಿನಿಂದ ಬೀಳುವ ಗೊಂಬೆಯನ್ನು ನೋಡಿದ್ದಳಂತೆ. ಬೀಳುವ ಮುಂಚೆ ಅದು ಕಂಬಿಗೆ ಕೈ ಚಾಚುತ್ತದಲ್ಲ, ಅದನ್ನು ಮಾಡಿದವರು ನಮಗೆ ಬೇಕು ಅಂದಳು. ನಿಮ್ಮದೇ ಕೆಲಸದಲ್ಲಿ ಪೂರ್ತಿ ಮುಗಿದ ಒಂದು ದೃಶ್ಯ ಹಿಡಿದುಕೊಂಡು ಸೋಮವಾರ ಬನ್ನಿ ಅಂದಳು. ಫೋನಿಟ್ಟ ಮೇಲೆ ತಮ್ಮ ಡ್ರಾಯರು, ಡಿಸ್ಕು ಎಲ್ಲ ಹುಡುಕಿದ. ಯೌವನವೆಲ್ಲ ಕಳೆದ ಆ ಕೋಣೆಯಲ್ಲಿ ಪೂರ್ತಿ ಮುಗಿದದ್ದು ಅಂತ ಅವನದೇನೂ ಇರಲಿಲ್ಲ. ಇಲ್ಲಿಂದ ಹೋಗಬೇಕಾದರೆ ಮುಗಿದ ಕೆಲಸ ಬೇಕು. ಮುಗಿಯಬೇಕಾದರೆ ಚಿಪ್ ಬರಬೇಕು. ಆ ವಯಸ್ಸಿನವನನ್ನು ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂದೂ ಗೊತ್ತಿತ್ತು.

ಬೂದು ಗೊಂಬೆಯನ್ನೇ ತೋರಿಸು ಎಂದು ಅತ್ತಿಗೆ ಹೇಳಿದ್ದಳು. ಬೂದು ತೋರಿಸಿದ್ರೆ ಬೂದಿ ಅಂತಾರೆ ಅತ್ತಿಗೆ, ಅಂದಿದ್ದ.

ಮೆಟ್ಟಿಲ ಮೇಲೆ ಅಣ್ಣನ ಹೆಜ್ಜೆ ಇಳಿದುಹೋಗುವುದನ್ನೇ ಕಾದು, ತಮ್ಮ ಅಣ್ಣನ ಕುರ್ಚಿಯಲ್ಲಿ ಕೂತ. ಕಂಬಳಿ ಹಿಂಡುವ ದೃಶ್ಯ ತೆರೆದ. ತಾಯಿ ಒಂದು ತುದಿ, ಹುಡುಗ ಒಂದು ತುದಿ ಹಿಡಿದು ಒದ್ದೆ ಕಂಬಳಿಯನ್ನು ತಿರುಚುತ್ತಾರೆ. ಅವಳ ಎಳೆತದ ಬಲಕ್ಕೆ ಹುಡುಗ ಕಾಲು ಜಾರುತ್ತ ಅವಳ ಕಡೆಗೆ ಹೋಗುತ್ತಾನೆ, ಆದರೂ ತುದಿ ಬಿಡುವುದಿಲ್ಲ. ಬೆಳಕನ್ನು ಅಣ್ಣ ಯಾವತ್ತೋ ಜೋಡಿಸಿಟ್ಟಿದ್ದ. ತಮ್ಮ ನೂಲುಗಳನ್ನು ತೆಗೆದು ಸಾದಾ ಬಟ್ಟೆ ಮಾಡಿದ, ಹಿಂದಿನ ಮರಗಳ ಎಲೆ ಕಡಿಮೆ ಮಾಡಿದ, ಬೇಯಲು ಹಾಕಿದ. ಯಂತ್ರದ ಫ್ಯಾನು ಮೆಲ್ಲಗೆ ಎದ್ದು ಕೋಣೆಯನ್ನೆಲ್ಲ ತುಂಬಿತು.

ಮಧ್ಯಾಹ್ನ ಅತ್ತಿಗೆ ಕೆಲಸದಿಂದ ಬಂದಳು. ಹಲ್ಲಿನ ಡಾಕ್ಟರ ಬಳಿ ಸಹಾಯಕಿ ಅವಳು. ಬಾಗಿಲಲ್ಲೇ ಬಿಸಿ ಮುಖಕ್ಕೆ ಹೊಡೆಯಿತು.

"ಬೇಯ್ತಿದೆ ಅತ್ತಿಗೆ."

"ಯಾರದು?"

"ನನ್ನದು."

ಅವಳು ಅಡುಗೆಮನೆಗೆ ಹೋಗಿ ಬೆಳಗಿನ ತಣ್ಣನೆಯ ಊಟವನ್ನೇ ಎರಡು ತಟ್ಟೆಗೆ ಹಾಕಿಕೊಂಡು ಬಂದು, ಒಂದನ್ನು ಅವನ ಮುಂದಿಟ್ಟು ಪಕ್ಕದಲ್ಲಿ ಕೂತಳು. ಅಲ್ಲಾಡೋ ಹಲ್ಲನ್ನ ನಾಲಿಗೇಲಿ ತಳ್ಳಿಕೊಂಡು ವರ್ಷಗಟ್ಟಲೆ ಕೂರೋರನ್ನ ದಿನಾ ನೋಡ್ತೀನಿ ಎಂದು, ಅವನಿಗೋ ತಟ್ಟೆಗೋ ಅನ್ನುವ ಹಾಗೆ ಅಂದಳು. ಕಿತ್ತ ಮೇಲೆ ಇಷ್ಟೇನಾ ಅಂತಾರಂತೆ.

ಒಂದೊಂದೇ ಚಿತ್ರ ಬೆಂದು ಬರುತ್ತಿತ್ತು. ಸಾಕಷ್ಟು ಕೂಡಿದ ಮೇಲೆ ತಮ್ಮ ಅವನ್ನು ಸಾಲಾಗಿ ಓಡಿಸಿದ. ಹುಡುಗನಿಗೆ ಮುಖ ಬಂದಿತ್ತು. ಹಲ್ಲು ಕಚ್ಚಿಕೊಂಡಿದ್ದ. ತಾಯಿಯ ಮೊಣಕೈಯ ಮೇಲೆ ಬಿಸಿಲಿತ್ತು. ಕಂಬಳಿ ತಿರುಚಿ ತಿರುಚಿ, ನಡುವಿನಿಂದ ನೀರು ಇಳಿಯಿತು, ಇಳಿಯುವಾಗ ಬೆಳಕು ಹಿಡಿಯಿತು. ಅತ್ತಿಗೆಯ ಕೈಯ ತುತ್ತು ಕೈಯಲ್ಲೇ ಇತ್ತು. "ಇನ್ನೊಂದು ಸಲ ಹಾಕು," ಅಂದಳು. ಅವನು ಹಾಕಿದ. ಅವಳು ಮತ್ತೆ ಹಾಕು ಅಂದಳು.

ಮೂರನೇ ಸಲ ಓಡುತ್ತಿರುವಾಗ ಬಾಗಿಲು ತೆರೆಯಿತು.

ಅಣ್ಣನ ಮುಖ ಅರಳಿತ್ತು. ಶೂ ಬಿಚ್ಚುತ್ತಲೇ ಶುರುಮಾಡಿದ. ಈ ಯಂತ್ರ ಇಡೀ ದಿನ ತಿಣುಕುವುದನ್ನು ಹೊಸದು ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತದಂತೆ. ಅಂಗಡಿಯಲ್ಲಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರಂತೆ. ಮುಂದಿನ ವರ್ಷ ಕೈಗೆ ಸಿಗುತ್ತದೆ, ಹಳೇ ಬೋರ್ಡಿಗೆ ಕೂರುವುದಿಲ್ಲ, ಮೆಮೊರಿಯೂ ಹೊಸದೇ ಬೇಕು, ಅದೇನು ಮಹಾ. ಆಮೇಲೆ ಫ್ಯಾನಿನ ಸದ್ದು ಕಿವಿಗೆ ಬಿದ್ದು ನಿಂತ. ಹೆಂಡತಿಯನ್ನು ನೋಡಿದ, ಪರದೆಯನ್ನು ನೋಡಿದ.

ಬೈಯುತ್ತಾನೆ ಅಂದುಕೊಂಡಿದ್ದರು. ಬೈಯಲಿಲ್ಲ. ತಮ್ಮನನ್ನು ಎಬ್ಬಿಸಿ ತನ್ನ ಕುರ್ಚಿಯಲ್ಲಿ ಕೂತು ಓಡಿಸಿ ನೋಡಿದ. ಅವನ ಹೆಗಲು ಇಳಿಯಿತು.

"ಈ ಕಾಲು ಜಾರೋದು," ಅಂದ. "ಇದು ನೀನೇ ಅಲ್ವೇನೋ? ಚಿಕ್ಕಂದಿನಲ್ಲಿ ಹಿತ್ತಲಲ್ಲಿ ನಾನು ಎಳೀತಿದ್ದೆ, ನೀನು ಕೆಸರಲ್ಲಿ ಜಾರ್ಕೊಂಡು ಬರ್ತಿದ್ದೆ. ಬಿಡೋ ಅಂದ್ರೂ ಬಿಡ್ತಿರಲಿಲ್ಲ."

"ಹೂಂ," ಅಂದ ತಮ್ಮ. "ಇನ್ನು ಸ್ವಲ್ಪವೇ ಉಳಿದಿದೆ. ಸಂಜೆಗೆ ಮುಗಿಯುತ್ತೆ."

ಅಣ್ಣ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. ಒಂದು ಚಿತ್ರದಲ್ಲಿ ನಿಲ್ಲಿಸಿದ, ಹಿಂದಕ್ಕೆ ಹೋದ, ಮುಂದಕ್ಕೆ ಬಂದ. ಕಂಬಳಿಯ ಮಡಿಕೆಯ ಕೆಳಗೆ ಬೆರಳಿಟ್ಟ.

"ನೋಡಿಲ್ಲಿ. ನೆರಳಲ್ಲಿ. ಇರುವೆ."

"ಯಾರಿಗೂ ಕಾಣಲ್ಲ ಅಣ್ಣ ಅದು."

"ನಂಗೆ ಕಾಣುತ್ತೆ."

ಅತ್ತಿಗೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣ ಬೇಯುವುದನ್ನು ನಿಲ್ಲಿಸಿಬಿಟ್ಟಿದ್ದ. ಅರೆಬೆಂದದ್ದು ಮನೆಯಲ್ಲಿ ಉಳಿಯಬಾರದು ಎಂಬುದು ಅವನ ಹಳೇ ನಿಯಮ. ಯಾರೂ ತಪ್ಪಿ ಹೊರಗೆ ಕಳಿಸಬಾರದು. ಕೈ ತಾನೇ ತಾನಾಗಿ ಮುಂದಿನ ಕೀಲಿಗೆ ಹೋಯಿತು, ಬೆಂದ ಚಿತ್ರಗಳಷ್ಟನ್ನೂ ಒಟ್ಟಿಗೆ ಅಳಿಸಿತು. ಸಿಟ್ಟಿನಿಂದ ಮಾಡಿದ್ದಲ್ಲ. ಊಟವಾದ ಮೇಲೆ ಎಲೆ ಎತ್ತುವವನ ಹಾಗೆ ಎತ್ತಿದ.

"ಬೇಜಾರು ಮಾಡ್ಕೋಬೇಡ ಕಣೋ," ಅಂದ. "ಹೊಸದು ಬರಲಿ. ಆಣೆ ಇಟ್ಟು ಹೇಳ್ತೀನಿ, ಇದನ್ನೇ ಮೊದಲು ಬೇಯಿಸೋಣ."

ಯಂತ್ರದ ಫ್ಯಾನು ಇಳಿಯುತ್ತ ಇಳಿಯುತ್ತ ನಿಂತುಹೋಯಿತು. ಅತ್ತಿಗೆ ಎರಡೂ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ತಟ್ಟೆಗಳನ್ನು ಇಟ್ಟ ಸದ್ದು ಬೇಕಾದದ್ದಕ್ಕಿಂತ ಜೋರಾಗಿತ್ತು.

ತಮ್ಮ ತನ್ನ ಪರದೆಯ ಮುಂದೆ ಕೂತ. ಅಲ್ಲಿ ಅದೇ ದೃಶ್ಯ ಬೂದು ಬಣ್ಣದಲ್ಲಿ ಇತ್ತು. ಒಂದು ಸಲ ಓಡಿಸಿದ. ಕಣ್ಣಿಲ್ಲದ ಹುಡುಗ ಜಾರಿದ, ಬಿಡಲಿಲ್ಲ. ತಮ್ಮ ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಜೇಬಿಗಿಳಿಸಿದ. ಅಣ್ಣ ಫೋನಿನಲ್ಲಿ ಘೋಷಣೆಯನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದ. ಚಪ್ಪಾಳೆಯ ಸದ್ದು ಬರುತ್ತಿತ್ತು.

ತಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲು ತೆರೆದ.

"ಹೋಗ್ತೀನಿ ಅಣ್ಣ."

"ಹೂಂ, ಬಾ," ಅಂದ ಅಣ್ಣ, ತಲೆ ಎತ್ತದೆ.

ಅಡುಗೆಮನೆಯಲ್ಲಿ ನಲ್ಲಿಯ ಕೆಳಗೆ ಹಿಡಿದಿದ್ದ ಪಾತ್ರೆ ತುಂಬಿ ಚೆಲ್ಲತೊಡಗಿತು. ಅತ್ತಿಗೆ ನಲ್ಲಿ ನಿಲ್ಲಿಸದೆಯೇ ಬಾಗಿಲಿಗೆ ಬಂದಳು. ಮೈದುನ ಹೊಸ್ತಿಲ ಆಚೆ ನಿಂತಿದ್ದ. ಅವಳು ಅವನ ಕಾಲನ್ನು ನೋಡಿದಳು, ಬರಿಗೈಯನ್ನು ನೋಡಿದಳು.

"ಜೋಪಾನ," ಅಂದಳು. ಬಾ ಎನ್ನಲಿಲ್ಲ.

ಕತ್ತಲಾಗುವ ಹೊತ್ತಿಗೆ ಅವಳು ಒಲೆ ಹಚ್ಚಿ ಬಿಸಿಯಾಗಿ ಅಡುಗೆ ಮಾಡಿದಳು. ಅಣ್ಣ ಕೂತಲ್ಲಿಂದಲೇ, "ಲೋ, ಬಾರೋ ಇಲ್ಲಿ, ಇದನ್ನ ನೋಡು," ಎಂದು ಕೂಗಿದ. ಉತ್ತರ ಬರದಿದ್ದಾಗ ತಿರುಗಿ ಖಾಲಿ ಕುರ್ಚಿಯನ್ನು ನೋಡಿದ.

"ಊಟಕ್ಕೆ ಹಾಕಲಾ?" ಎಂದು ಹೆಂಡತಿ ಕೇಳಿದಳು.

"ತಡಿ. ಅವನೂ ಬರಲಿ," ಅಂದ.

ಅವಳು ಸೌಟು ಹಿಡಿದುಕೊಂಡೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ತಮ್ಮನ ಪರದೆಯನ್ನು ಯಾರೂ ಆರಿಸಿರಲಿಲ್ಲ. ಅದರಲ್ಲಿ ಎರಡು ಬೂದು ಗೊಂಬೆಗಳು ಬೂದು ಕಂಬಳಿಯ ಎರಡು ತುದಿ ಹಿಡಿದು, ಇನ್ನು ತಿರುಚಲಾರದಷ್ಟು ತಿರುಚಿ ನಿಂತಿದ್ದವು. ಕೆಳಗಿನ ನೆಲ ಒಣಗಿತ್ತು.