ಇಳಿಯೂಮುಂದ ಬರ್ತೇನಿ

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತದೆ ಲೋಕ. ಅಫಜಲಪುರದ ಟಪಾಲು ಚಂದ್ರಾಮಪ್ಪನಿಗೆ ಮಾತ್ರ ಸಂಕಟವಿರಲಿ, ಸುಖವಿರಲಿ, ಶ್ರೀಶೈಲದ ಮಲ್ಲಯ್ಯನೇ. ಇಪ್ಪತ್ತು ವರ್ಷದಿಂದ ಯುಗಾದಿಗೆ ಮುಂಚೆ ಪಾದಯಾತ್ರೆಯವರ ಜೊತೆ ಹೊರಟು, ಭ್ರಮರಾಂಬೆಗೆ ಒಂದು ಇಳಕಲ್ ಸೀರೆ, ಒಂದು ಡಜನ್ ಹಸಿರು ಬಳೆ ಕೊಟ್ಟು ಬರುತ್ತಿದ್ದ. ಭ್ರಮರಾಂಬೆ ನಮ್ಮ ಕಡೆಯ ಹೆಣ್ಣುಮಗಳು, ಮಲ್ಲಯ್ಯ ನಮ್ಮ ಅಳಿಯ ಎಂಬುದು ಆ ಸೀಮೆಯವರ ನಂಬಿಕೆ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಮಗಳಿಗೆ ಸೀರೆ ಒಯ್ಯುತ್ತಿದ್ದೇನೆ ಎಂದು ಅವನು ಓಣಿಗೆಲ್ಲ ಹೇಳಿಕೊಂಡೇ ಹೊರಡುತ್ತಿದ್ದ. ಯಾವ ಮಗಳಿಗೆ ಎಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಏಕೆಂದರೆ ಹೆತ್ತ ಮಗಳು ಸೃಷ್ಟಿಗೆ ಆರು ವರ್ಷದಿಂದ ಅವನು ಒಂದು ಕುಪ್ಪಸದ ಖಣವನ್ನೂ ಕಳಿಸಿರಲಿಲ್ಲ. ಅವಳು ಮುಜಮ್ಮಿಲನನ್ನು ಮದುವೆಯಾದಳು. ಮುಜಮ್ಮಿಲ ಪರವೂರಿನವನೇನಲ್ಲ, ಚಂದ್ರಾಮಪ್ಪನ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಡುತ್ತಿದ್ದ ಹುಡುಗನೇ. ಊರಿನ ಬಾಯಿಗೆ ಹೆದರಿ ಗಂಡ ಹೆಂಡತಿ ಆಂಧ್ರದ ದೋರ್ನಾಲಕ್ಕೆ ಹೋದರು. ಶ್ರೀಶೈಲದ ಘಟ್ಟ ಶುರುವಾಗುವುದೇ ಅಲ್ಲಿ. ರಸ್ತೆಯ ಪಕ್ಕದಲ್ಲೇ ಲಾರಿ ಟೈರಿನ ಅಂಗಡಿ, ಹಿಂದೆ ಒಂದು ಕೋಣೆಯ ಮನೆ. ಪಾದಯಾತ್ರೆಯವರು ಬೇರೆ ಕಡೆಯಿಂದ ಕಾಡು ಹೊಕ್ಕು ಬೆಟ್ಟ ಹತ್ತುತ್ತಾರಾದ್ದರಿಂದ ಚಂದ್ರಾಮಪ್ಪನಿಗೆ ಆ ಬಾಗಿಲು ಕಣ್ಣಿಗೆ ಬೀಳುತ್ತಿರಲಿಲ್ಲ. ಅದೂ ಮಲ್ಲಯ್ಯನ ದಯೆಯೆಂದೇ ಅವನು ತಿಳಿದಿದ್ದ.

ಈ ವರ್ಷ ಮಾಘದಲ್ಲಿ ಸುದ್ದಿ ಬಂತು. ಸೃಷ್ಟಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮತ್ತೊಂದು ತಿಂಗಳಿಗೆ ಮುಜಮ್ಮಿಲ ಪುನಃ ಫೋನ್ ಮಾಡಿದ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ಹೆಂಡತಿ ಶಾರದಾಬಾಯಿ ಒಂದು ಚೀಲಕ್ಕೆ ಎರಡು ಸೀರೆ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಗಂಡನಿಗೂ ಬಾ ಎಂದಳು. ಗಂಡ ಬರಲಿಲ್ಲ. ಬದಲಿಗೆ ದೇವರ ಜಗುಲಿಯ ಮುಂದೆ ಕೂತು ಹರಕೆ ಹೊತ್ತ.

ಎಂಥ ಹರಕೆ! ನಡೆದು ಹೋಗುವುದನ್ನು ಎಲ್ಲರೂ ಮಾಡುತ್ತಾರೆ. ತಾನು ಸೈಕಲ್ ಮೇಲೆ ಬರುತ್ತೇನೆ, ಘಟ್ಟದಲ್ಲಿ ಒಂದು ಹೆಜ್ಜೆಯೂ ಸೈಕಲ್ ತಳ್ಳಿಕೊಂಡು ನಡೆಯುವುದಿಲ್ಲ, ಮಗಳನ್ನು ಉಳಿಸು. ಮೂವತ್ತು ವರ್ಷ ಟಪಾಲು ಚೀಲ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿದ ಕಾಲಿನ ಮೇಲೆ ಅವನಿಗೆ ಅಷ್ಟು ಜಂಬ. ಅವನ ಸೀಮೆಯಲ್ಲಿ ಏರು ಎಂದರೆ ಭೀಮಾ ನದಿಯ ಸೇತುವೆ. ಬೆಟ್ಟ ಎಂದರೇನೆಂದು ಆ ಕಾಲಿಗೆ ಗೊತ್ತಿತ್ತೇ ಹೊರತು ಆ ಸೈಕಲ್ಲಿಗೆ ಗೊತ್ತಿರಲಿಲ್ಲ.

ಜೇವರ್ಗಿ, ರಾಯಚೂರು, ಕರ್ನೂಲು, ಆತ್ಮಕೂರು. ಆರು ದಿನ ತುಳಿದ. ಬಸ್ಸಿನಲ್ಲಾದರೆ ಒಂದು ದಿನದ ದಾರಿ. ಏಳನೆಯ ದಿನ ಬೆಳಿಗ್ಗೆ ದೋರ್ನಾಲದಲ್ಲಿ ಟೈರಿನ ಅಂಗಡಿ ಕಂಡಿತು. ಶಾರದಾಬಾಯಿ ರಸ್ತೆಗೇ ಬಂದು ಹ್ಯಾಂಡಲ್ ಹಿಡಿದಳು.

‘ಒಂದ್ ಗಳಿಗಿ ಒಳಗ ಬರ್ರಿ. ಆಕಿ ನಿಮ್ಮ ದಾರಿ ನೋಡಾಕತ್ತಾಳ.’

ಅವರ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಹರಕೆ ಹೊತ್ತು ಹೊರಟವನು ಮಲ್ಲಯ್ಯನ ಪಾದ ಮುಟ್ಟುವ ತನಕ ಬಂಧುಬಳಗದ ಹೊಸ್ತಿಲು ತುಳಿಯಬಾರದು, ಮನೆಯ ಸುದ್ದಿ ಕೇಳಬಾರದು. ಹೊರಡುವಾಗ ಹರಕೆಯ ವಿಷಯವನ್ನು ಹೆಂಡತಿಗೆ ಫೋನಿನಲ್ಲಿ ಹೇಳಿ, ಚಂದ್ರಾಮಪ್ಪ ಮೊಬೈಲನ್ನು ಕೂಡ ಆರಿಸಿಟ್ಟಿದ್ದ. ಅವನು ಒಂದು ಕಾಲು ನೆಲಕ್ಕೆ ಊರಿ, ಬಾಗಿಲ ಕಡೆ ನೋಡದೆ ಹೇಳಿದ.

‘ಹರಕಿ ಕೆಟ್ರ ಆಕಿಗೇ ಕೇಡು. ಇಳಿಯೂಮುಂದ ಬರ್ತೇನಿ.’

ಶಾರದಾಬಾಯಿ ಹ್ಯಾಂಡಲ್ ಬಿಡಲಿಲ್ಲ. ಬಾಗಿಲಲ್ಲಾದರೂ ನಿಂತು ಹೋಗಿ ಎಂದು ಬೇಡಿದಳು. ಆಗ ಒಳಗಿನಿಂದ ದನಿ ಬಂತು. ಆರು ವರ್ಷದ ಮೇಲೆ ಅವನು ಕೇಳಿದ ಮಗಳ ದನಿ. ತೆಳ್ಳಗಾಗಿತ್ತು, ಆದರೂ ಅವಳದೇ.

‘ಬಿಡಬೇ ಯವ್ವಾ, ತಡೀಬ್ಯಾಡ. ನನ್ನ ಸಲುವಾಗೇ ಹೊಂಟಾನ. ಇಳಿಯೂಮುಂದ ಬರ್ತಾನ.’

ಅವನ ಎದೆ ತುಂಬಿ ಬಂತು. ಮಗಳು ಕ್ಷಮಿಸಿದಳು ಎಂದುಕೊಂಡ. ಕ್ಷಮಿಸಿದ ಮಗಳ ಮುಖ ನೋಡಲು ಐದು ಹೆಜ್ಜೆ ಸಾಕಿತ್ತು. ಅವನು ಪೆಡಲ್ ತುಳಿದು ಮುಂದೆ ಹೋದ. ಇಂಥವನಿಗೆ ಏನು ಹೇಳುವುದು!

ಮೊದಲ ತಿರುವಿನಲ್ಲೇ ಘಟ್ಟ ಅವನ ಜಂಬ ಇಳಿಸಿತು. ಸೀಟಿನ ಮೇಲೆ ಕೂತರೆ ಸೈಕಲ್ ನಿಂತೇ ಬಿಡುತ್ತಿತ್ತು. ಪೆಡಲುಗಳ ಮೇಲೆ ಎದ್ದು ನಿಂತು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ತಿರುಗಿಸುತ್ತ, ಒಂದೊಂದೇ ತುಳಿತ ತುಳಿದ. ಮಂಡಿಯೊಳಗೆ ಜೋಳ ಬೀಸಿದಂತಾಗುತ್ತಿತ್ತು. ಇನ್ನಾಗದು ಅನ್ನಿಸಿದಲ್ಲಿ ಇಳಿದು, ಮೈಲಿಗಲ್ಲಿಗೆ ಒರಗಿ ನಿಂತು, ಉಸಿರು ತಿರುಗಿದ ಮೇಲೆ ಅದೇ ಜಾಗದಿಂದ ಹತ್ತುತ್ತಿದ್ದ. ಬಿಸಿಲು ಏರಿತು. ಕೆಳಗಿನಿಂದ ಬಂದ ಲಾರಿಯೊಂದರ ಡ್ರೈವರ್ ನಿಲ್ಲಿಸಿ, ಸೈಕಲ್ಲನ್ನು ಲಾರಿಗೆ ಹಾಕು ತಾತಾ ಎಂದು ತೆಲುಗಿನಲ್ಲಿ ಕರೆದ. ಚಂದ್ರಾಮಪ್ಪ ಕೈಮುಗಿದು ಕಳಿಸಿದ.

ಒಂದು ಕಡಿದಾದ ತಿರುವಿನಲ್ಲಿ ಚೈನು ಜಾರಿತು. ಬೀಳದಂತೆ ಜಿಗಿದವನು ಗೊತ್ತಿಲ್ಲದೆ ಮೂರು ಹೆಜ್ಜೆ ಸೈಕಲ್ ತಳ್ಳಿಬಿಟ್ಟಿದ್ದ. ತಕ್ಷಣ ಹಿಂದೆ ಸರಿದು, ಮೂರರ ಬದಲು ಹತ್ತು ಹೆಜ್ಜೆ ಕೆಳಗಿಳಿದು, ಅಲ್ಲಿಂದ ಮತ್ತೆ ತುಳಿದ. ಮೂರು ಹೆಜ್ಜೆಯ ತಪ್ಪಿಗೆ ಅಷ್ಟು ಹೆದರಿದವನಿಗೆ ಆರು ವರ್ಷದ ತಪ್ಪು ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಅದಕ್ಕಾಗಿಯೇ ಇನ್ನೂ ಜೋರಾಗಿ ತುಳಿದ. ಪ್ರತಿ ತಿರುವಿಗೂ ಕೆಳಗೆ ಆ ಕೋಣೆಯಲ್ಲಿ ಮಗಳು ಸ್ವಲ್ಪ ಸ್ವಲ್ಪ ಚೇತರಿಸುತ್ತಿದ್ದಾಳೆ, ಎದ್ದು ಕೂತಳು, ಗಂಜಿ ಕುಡಿದಳು ಎಂದು ಲೆಕ್ಕ ಹಾಕಿದ.

ಹೊತ್ತು ಮುಳುಗುವಾಗ ಮೇಲೆ ಮುಟ್ಟಿದ. ಯುಗಾದಿಯ ಜನ, ಮೈಲುದ್ದ ಸಾಲು. ಬೆಳಗಿನ ಮೊದಲ ಪೂಜೆಗೆ ಮಲ್ಲಯ್ಯನ ಪಾದ ಸಿಕ್ಕಿತು. ಭ್ರಮರಾಂಬೆಗೆ ಸೀರೆ ಬಳೆ ಕೊಡುವಾಗ, ನಮ್ಮ ಮಗಳಿಗೆ ಎಂದು ಪೂಜಾರಿಗೆ ಹೇಳಲು ಹೋದವನು ಮಾತು ಅರ್ಧಕ್ಕೇ ಬಿಟ್ಟು ತಟ್ಟೆಯನ್ನಷ್ಟೇ ಮುಂದೆ ಸರಿಸಿದ.

ಇಳಿಜಾರಿನಲ್ಲಿ ತುಳಿಯುವ ಮಾತೇ ಇಲ್ಲ. ಇಡೀ ದಿನ ಹತ್ತಿದ ಘಟ್ಟ ಮೂರು ತಾಸಿನಲ್ಲಿ ಕೆಳಗೆ ತಂದು ಬಿಟ್ಟಿತು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೊದಲ ಮಾತು ಏನಾಡಲಿ ಎಂದು ಅವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಹೆಂಗದೀಬೇ ಎನ್ನಬೇಕು. ಮುಜಮ್ಮಿಲನಿಗೆ ಅಳಿಯ ಎನ್ನಬೇಕು.

ಟೈರಿನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಹೊರಗೆ ಟೋಪಿ ಹಾಕಿಕೊಂಡ ಹತ್ತಾರು ಗಂಡಸರು ಸುಮ್ಮನೆ ನಿಂತಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಸೈಕಲ್ ಕೈಬಿಟ್ಟು ಬಿತ್ತು.

ಬೆಳಕು ಹರಿಯುವ ಮುಂಚೆ ಹೋಗಿದ್ದಳು. ಶಾರದಾಬಾಯಿ ಅತ್ತು ಅತ್ತು ಕಣ್ಣು ಬತ್ತಿಸಿಕೊಂಡು ಗೋಡೆಗೆ ಒರಗಿದ್ದಳು. ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಒಂದೇ ಸಮ ಕೇಳಿದಳ್ರಿ, ಅಪ್ಪ ಎಲ್ಲಿ ಮುಟ್ಯಾನ ಅಂತ. ಕಡೀಕ ಅಂದಳು, ದಣದಿದ್ರ ಇಳದು ನಡಕೋತ ಹೋಗಂತ ಹೇಳಬೇ, ನನಗೇನೂ ಆಗಂಗಿಲ್ಲ.’

ಚಂದ್ರಾಮಪ್ಪ ಮಗಳ ಮುಖ ನೋಡಿದ. ಬಿಳಿ ಬಟ್ಟೆಯ ನಡುವೆ ಅಷ್ಟೇ ಕಾಣುತ್ತಿತ್ತು. ಕೆನ್ನೆ ಮುಟ್ಟಿದ, ತಣ್ಣಗಿತ್ತು. ಬಾಯಿಪಾಠ ಮಾಡಿದ್ದು ಒಂದೂ ನಾಲಗೆಗೆ ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುಜಮ್ಮಿಲನಿಗೆ ಹೇಳಿದ.

‘ಹರಕಿ ಆಕಿ ಸಲುವಾಗಿ ಅಲ್ಲಪ್ಪಾ. ನನಗ ಆಕಿ ಮಾರಿ ನೋಡಾಕ ಧೈರ್ಯ ಇರಲಿಲ್ಲ. ದೇವರ ಮಾರಿ ನೋಡೋದು ಸರಳ ಇತ್ತು.’

ಮುಜಮ್ಮಿಲ ಬಗ್ಗಿ ಬಿಳಿ ಬಟ್ಟೆಯ ಅಂಚು ಸರಿಮಾಡಿದ.

‘ಆಕಿಗೆ ಗೊತ್ತಿತ್ರಿ ಮಾವಾರ.’

ಅವನಿಗಾಗಿಯೇ ಅವರು ಮಣ್ಣು ಮಾಡುವುದನ್ನು ತಡಮಾಡಿದ್ದರು. ಅವರಲ್ಲೂ ಮಣ್ಣೇ, ಇವರಲ್ಲೂ ಸುಡುವುದಿಲ್ಲ, ಮಣ್ಣೇ, ಅದರಲ್ಲಿ ಜಗಳವಿರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಊರ ಹೊರಗಿನ ಖಬರಸ್ತಾನಕ್ಕೆ ಒಯ್ದರು. ಎಲ್ಲರ ಹಿಂದೆ ನಿಂತಿದ್ದ ಚಂದ್ರಾಮಪ್ಪನನ್ನು ಮುಜಮ್ಮಿಲ ರಟ್ಟೆ ಹಿಡಿದು ಮುಂದೆ ತಂದ. ಮೊದಲು ನೀವು ಕೊಡಿ, ಒಬ್ಬೊಬ್ಬರು ಮೂರು ಹಿಡಿ ಎಂದ. ಆರು ವರ್ಷದ ಮೇಲೆ ಮಗಳ ಊರಿಗೆ ಬಂದ ಅಪ್ಪ ಅವಳಿಗೆ ಕೊಟ್ಟದ್ದು ಅಷ್ಟೇ, ಮೂರು ಹಿಡಿ ಮಣ್ಣು.