ಅಪ್ಪ ಎತ್ತಿದ ಬಾವುಟ

ನನ್ನ ಗಂಡನಿಗೆ ನ್ಯಾಯದ ಹುಚ್ಚು. ಕೆಲಸ ಕಾರ್ಖಾನೆಯ ಗೇಟು ಕಾಯುವುದು. ಸೈರನ್ ಕೂಗಿದ ಮೇಲೆ ಒಳಗೆ ಕಾಲಿಟ್ಟವರು ಯಾರೇ ಆಗಲಿ, ಅರ್ಧ ದಿನದ ಸಂಬಳ ಖೋತಾ. "ಮನೆಯಿಂದ ಎಷ್ಟೊತ್ತಿಗೆ ಹೊರಟ್ರಿ ಅನ್ನೋದು ನಂಗೆ ಬೇಡ. ಗೇಟಿಗೆ ಎಷ್ಟೊತ್ತಿಗೆ ಬಂದ್ರಿ ಹೇಳಿ," ಅನ್ನುತ್ತಾರೆ. ಸ್ವಂತ ಭಾವಮೈದುನನನ್ನೂ ಬಿಟ್ಟವರಲ್ಲ. ಆಮೇಲೆ ನನ್ನ ತಮ್ಮ ಬಹಳ ದಿನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಮಗಳಿಗೆ ಫುಟ್‌ಬಾಲ್ ಹುಚ್ಚು. ಹದಿಮೂರರೊಳಗಿನ ಹುಡುಗಿಯರ ಜಿಲ್ಲಾ ತಂಡಕ್ಕೆ ಆಯ್ಕೆ ಮಾಡುವವರು ಆ ಭಾನುವಾರದ ಪಂದ್ಯಕ್ಕೆ ಬರುವವರಿದ್ದರು. ಮುಂದಿನ ವರ್ಷ ಅವಳ ವಯಸ್ಸು ದಾಟುತ್ತದೆ. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲ್ಲು, ಇಲ್ಲದಿದ್ದರೆ ಅವಳ ಆಟ ಅಲ್ಲಿಗೇ ಮುಗಿಯಿತು. ಅದು ನಮ್ಮ ಮೂವರಿಗೂ ಗೊತ್ತಿತ್ತು.

ಮಕ್ಕಳ ಪಂದ್ಯಗಳಲ್ಲಿ ಗೆರೆಯ ಪಕ್ಕ ಬಾವುಟ ಹಿಡಿದು ಓಡಾಡಲು ತಂಡಕ್ಕೊಬ್ಬರಂತೆ ಹೆತ್ತವರೇ ಹೋಗಬೇಕು. ಉಳಿದ ಅಪ್ಪಂದಿರೆಲ್ಲ ಫೋನಿನಲ್ಲಿ ಮುಖ ಹುದುಗಿಸಿದರು. ನಮ್ಮವರು ಎದ್ದು ನಿಂತರು.

ಕೋಚ್ ಬಂದು ಇವರಿಗೆ ಆಫ್‌ಸೈಡ್ ನಿಯಮ ಹೇಳಿಕೊಟ್ಟರು. "ಎದುರಿನವರಲ್ಲಿ ಗೋಲ್‌ಕೀಪರ್ ಬಿಟ್ಟು ಕೊನೇ ಹುಡುಗಿ ಎಲ್ಲಿದಾಳೆ ನೋಡ್ತಿರಿ. ನಮ್ಮೋರು ಚೆಂಡು ಒದೆಯೋ ಹೊತ್ತಿಗೆ ಅವಳನ್ನ ದಾಟಿ ನಿಂತಿರೋಳಿಗೆ ಚೆಂಡು ಹೋದ್ರೆ ಬಾವುಟ ಎತ್ತಿ."

"ಇಷ್ಟೇನಾ?" ಅಂದರು ಇವರು.

ದಾಟುವುದಷ್ಟೇ ಇವರ ತಲೆಯಲ್ಲಿ ಕೂತಿತು. ಒದೆಯುವ ಹೊತ್ತು ಅನ್ನುವುದು ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಹೋಗದೇ ಏನು, ಹೊರಟ ಹೊತ್ತನ್ನು ಜನ್ಮದಲ್ಲಿ ಕೇಳಿದ ಮನುಷ್ಯನೇ ಅಲ್ಲ.

ಆಟ ಮುಗಿಯುತ್ತಾ ಬಂದರೂ ಯಾರಿಗೂ ಗೋಲಿಲ್ಲ. ಆಗ ನಡುವಿನಿಂದ ಒಬ್ಬಳು ಚೆಂಡನ್ನು ಉದ್ದಕ್ಕೆ ಒದ್ದಳು. ನನ್ನ ಮಗಳು ಎದುರಿನವರ ಕೊನೇ ಹುಡುಗಿಗಿಂತ ಹಿಂದಿದ್ದವಳು, ಒದ್ದ ಮೇಲೆ ಬಿಟ್ಟಳು ನೋಡಿ ಓಟ! ಅವಳನ್ನು ದಾಟಿ, ಚೆಂಡು ಹಿಡಿದು, ಗೋಲ್‌ಕೀಪರ್ ಕಾಲ ಪಕ್ಕದಲ್ಲೇ ಒಳಗೆ ತಳ್ಳಿದಳು. ನಾನು ಕಿರುಚುತ್ತಾ ಎದ್ದೆ. ಬಾವುಟ ಮೇಲಿತ್ತು. ದೂರದಲ್ಲಿದ್ದ ರೆಫ್ರಿ ಅದನ್ನೇ ನಂಬಿ ಸೀಟಿ ಊದಿದರು, ಗೋಲು ಲೆಕ್ಕಕ್ಕಿಲ್ಲ ಅಂದರು.

ಕೋಚ್ ನನ್ನ ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. "ಒದ್ದಾಗ ಹಿಂದೇನೇ ಇದ್ದಳಲ್ಲಮ್ಮ. ಆಮೇಲೆ ಓಡಿ ದಾಟಿದ್ರೆ ಏನೂ ತಪ್ಪಿಲ್ಲ."

ಆಯ್ಕೆಯಾದವರನ್ನು ಕರೆದಾಗ ನನ್ನ ಮಗಳನ್ನು ಕರೆಯಲಿಲ್ಲ. ಇವತ್ತು ಈ ಮನುಷ್ಯನ ಗ್ರಹಚಾರ ಬಿಡಿಸುತ್ತೇನೆ ಅಂತ ಹೊರಟೆ. ಮಗಳು ಬಂದು ಕೈ ಹಿಡಿದಳು.

"ಹೇಳ್ಬೇಡಮ್ಮ. ಸರಿಯಾಗಿ ಎತ್ತಿದ್ನಾ ಅಂತ ಅಪ್ಪ ಕೇಳಿದ್ರು. ಹೂಂ ಅಂದೆ. ಕೋಚ್‌ಗೂ ಸುಮ್ನಿರಿ ಅಂದಿದೀನಿ."

"ಯಾಕೇ?"

"ಗೊತ್ತಾದ್ರೆ ಅವರು ತಡ್ಕೊಳ್ತಾರಾ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಈಗ ಮನೆಗೆ ಯಾರೇ ಬರಲಿ, ಇವರದು ಅದೇ ಪುರಾಣ. "ಮಗಳು ಅಂತಾನೂ ನೋಡ್ಲಿಲ್ಲ ನಾನು. ನ್ಯಾಯ ಅಂದ್ರೆ ನ್ಯಾಯ." ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋಗುತ್ತೇನೆ. ಅವಳು ಎಲ್ಲಿಗೂ ಹೋಗುವ ಹಾಗಿಲ್ಲ. ಸಾಕ್ಷಿ ಹೇಳಲು ಇವರು ಅವಳನ್ನೇ ಕರೆಯುತ್ತಾರೆ.

"ಅಲ್ವೇನಮ್ಮ?"

"ಹೂಂ ಅಪ್ಪ," ಅನ್ನುತ್ತಾಳೆ. "ಒಂದು ಹೆಜ್ಜೆ ಮುಂದಿದ್ದೆ."